ಹೆಂಗಸರ ಸಾಲಿನಲ್ಲಿ ಪಿ ವ್ಯಾಲ್ಯೂ ಜಾಸ್ತಿ ಬಂದಾಗ

ಮೆಡಿಕಲ್ ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗೆ ಅಂಕಿಅಂಶದ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಪದೇ ಪದೇ ಎದುರಾಗುವ ವಾಕ್ಯ ಒಂದಿದೆ: ‘ಔಷಧಿ ಗಂಡಸರಲ್ಲಿ ಕೆಲಸ ಮಾಡಿತು, ಹೆಂಗಸರಲ್ಲಿ ಮಾಡಲಿಲ್ಲ.’ ಟೇಬಲ್ ನೋಡಿದರೆ ಒಂದು ಸಾಲಿನಲ್ಲಿ ಪಿ ವ್ಯಾಲ್ಯೂ (ಔಷಧಿಗೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಅಷ್ಟೇ ಆಧಾರ.

ನಾನು ಪಿ ಕಾಲಂ ಬಿಟ್ಟು ಮೊದಲು ಕೇಳುವುದು, ಹೆಂಗಸರು ಎಷ್ಟು ಜನ ಇದ್ದರು? ಕಡಿಮೆ ಇದ್ದರೆ ನಿಜವಾದ ಪರಿಣಾಮವೂ ಲೆಕ್ಕದಲ್ಲಿ ಕಾಣದೆ ಹೋಗಬಹುದು.

ಪಾಠಕ್ಕೆಂದು ನಾನೇ ಕಟ್ಟಿಕೊಂಡ ಉದಾಹರಣೆ ಹೇಳುತ್ತೇನೆ. ಬಿಪಿ ಗಂಡಸರಲ್ಲಿ 6 ಪಾಯಿಂಟ್ ಇಳಿಯಿತು, ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಎಷ್ಟು ಅಲುಗಾಡಬಹುದು ಅನ್ನುವ ಅಳತೆ) 2. ಹೆಂಗಸರಲ್ಲಿ 4 ಇಳಿಯಿತು, ಎರರ್ 3. ಗಂಡಸರದ್ದು 6 ಭಾಗಿಸು 2, ಅಂದರೆ 3. ಇದು 1.96 ದಾಟಿದರೆ ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ, ಅಂದರೆ ‘ಸಿಗ್ನಿಫಿಕೆಂಟ್’. ಹೆಂಗಸರದ್ದು 1.33, 1.96 ಮುಟ್ಟಲಿಲ್ಲ. ಆದರೆ ಹೆಂಗಸರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಪರಿಣಾಮ ಇರಬಹುದಾದ ವ್ಯಾಪ್ತಿ ನೋಡಿ: 1.9 ಪಾಯಿಂಟ್ ಏರಿಕೆಯಿಂದ 9.9 ಪಾಯಿಂಟ್ ಇಳಿಕೆಯವರೆಗೆ. ಗಂಡಸರದ್ದೂ ಮುಗಿಯುವುದು 9.9ಕ್ಕೇ! ಇಬ್ಬರ ನಡುವೆ ವ್ಯತ್ಯಾಸ ಇದೆಯೇ ಅನ್ನುವುದು ತಾನೇ ಪ್ರಶ್ನೆ? ಹಾಗಿದ್ದರೆ ಅದನ್ನೇ ಅಳೆಯಬೇಕು, ಅಲ್ವಾ? ವ್ಯತ್ಯಾಸ 2. ಎರಡೂ ಎರರ್‌ಗಳ ವರ್ಗ 4 ಮತ್ತು 9, ಕೂಡಿಸಿ ವರ್ಗಮೂಲ ತೆಗೆದರೆ 3.6. 2 ಭಾಗಿಸು 3.6, ಬರೀ 0.55, 1.96ರ ಹತ್ತಿರವೂ ಇಲ್ಲ. ಪರಿಣಾಮ ಎರಡು ಗುಂಪುಗಳಲ್ಲಿ ಬೇರೆಯೇ ಎಂದು ನೋಡುವ ಇಂಟರ್ಯಾಕ್ಷನ್ ಟೆಸ್ಟ್ ಅಂದರೆ ಇಷ್ಟೇ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಹಾಗಂತ ‘ಇಬ್ಬರಲ್ಲೂ ಒಂದೇ’ ಎಂದೂ ಬರೆಯಬಾರದು. ಈ ಟೆಸ್ಟ್‌ಗೂ ನಿಜವಾದ ವ್ಯತ್ಯಾಸವನ್ನು ಹಿಡಿಯುವ ಶಕ್ತಿ ಕಡಿಮೆ. ‘ಬೇರೆ ಎನ್ನಲು ಆಧಾರ ಸಿಗಲಿಲ್ಲ’ ಎಂದು ಬರೆಸುತ್ತೇನೆ.

ಇದು ಸುಮ್ನೆ ಪದಗಳ ಜಗಳವಲ್ಲ. 1978ರ ಕೆನಡಾದ ಆಸ್ಪಿರಿನ್ ಅಧ್ಯಯನದಲ್ಲಿ 585 ರೋಗಿಗಳಿದ್ದರು, ಹೆಂಗಸರು ಮೂರನೇ ಒಂದು ಭಾಗಕ್ಕೂ ಕಡಿಮೆ. ಗಂಡಸರಲ್ಲಿ ಸ್ಟ್ರೋಕ್ ಅಥವಾ ಸಾವಿನ ಅಪಾಯ 48% ಇಳಿಯಿತು, ಹೆಂಗಸರಲ್ಲಿ ಸಿಗ್ನಿಫಿಕೆಂಟ್ ಆಗಲಿಲ್ಲ. ಅಮೆರಿಕದಲ್ಲಿ 1980ರಲ್ಲಿ ಸ್ಟ್ರೋಕ್ ತಡೆಗೆ ಆಸ್ಪಿರಿನ್ ಒಪ್ಪಿಗೆ ಪಡೆದದ್ದು ಗಂಡಸರಿಗೆ ಮಾತ್ರ. ಆ ಲೇಬಲ್‌ಗೆ ಹೆಂಗಸರು ಸೇರಿದ್ದು 1998ರಲ್ಲಿ.

ಗುಂಪು ಒಡೆಯುತ್ತಾ ಹೋದರೆ ಏನು ಬೇಕಾದರೂ ಸಿಗುತ್ತದೆ. ಹೃದಯಾಘಾತದ ರೋಗಿಗಳ ಮೇಲೆ ನಡೆದ 1988ರ ಐಸಿಸ್-2 ಅಧ್ಯಯನದವರು ಬೇಕೆಂದೇ ರಾಶಿ ಪ್ರಕಾರ ಒಡೆದು ತೋರಿಸಿದರು: ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ ಉಪಯೋಗಕ್ಕೆ ಬರಲಿಲ್ಲ! ತರಗತಿಯಲ್ಲಿ ಇದಕ್ಕೆ ಎಲ್ಲರೂ ನಗುತ್ತಾರೆ. ಮುಂದಿನ ಟೇಬಲ್‌ನಲ್ಲಿ ರಾಶಿ ಬದಲು ಲಿಂಗ ಇದ್ದರೆ ನಗು ನಿಂತುಬಿಡುತ್ತದೆ.

ಹೆಂಗಸರ ಬಗ್ಗೆ ಗಟ್ಟಿಯಾಗಿ ಹೇಳಬೇಕಿದ್ದರೆ ಅವರನ್ನು ಜಾಸ್ತಿ ಸೇರಿಸಿಕೊಳ್ಳಬೇಕು. ಅದಕ್ಕೇ ವಿದ್ಯಾರ್ಥಿಗಳಿಗೆ ಪ್ರೋಟೋಕಾಲ್ (ಅಧ್ಯಯನದ ಯೋಜನೆ) ಬರೆಯುವಾಗಲೇ ಬನ್ನಿ ಅನ್ನುತ್ತೇನೆ. ಬರುವುದು ಮಾತ್ರ ಥೀಸಿಸ್ ಸಲ್ಲಿಸುವ ಹಿಂದಿನ ವಾರ.