ಟಿಕೆಟ್ಟಿಲ್ಲದ ಪಾರ್ಕಿಗೆ ಬೆಲೆ ಕಟ್ಟುವುದು ಹೇಗೆ?

ಪ್ರವೇಶ ಉಚಿತವಾದರೂ ಪಾರ್ಕಿಗೆ ಬರುವವರು ಪುಕ್ಕಟೆ ಬರುವುದಿಲ್ಲ. ಬಸ್ಸಿನ ದುಡ್ಡೋ ಪೆಟ್ರೋಲೋ ಖರ್ಚಾಗುತ್ತದೆ, ಹೊತ್ತೂ ಹೋಗುತ್ತದೆ. ಈ ಖರ್ಚನ್ನೇ ಬೆಲೆಯೆಂದು ಹಿಡಿಯಬಹುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲೇ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದಿದ್ದರು. ಇದೇ ಪ್ರಯಾಣ ವೆಚ್ಚ ವಿಧಾನ.

1. ಪ್ರಶ್ನೆಗಳು. ಗೇಟಿನಲ್ಲಿ ನಿಂತು ಬಂದವರನ್ನು ಕೇಳಿ: ಎಲ್ಲಿಂದ ಬಂದಿರಿ, ಯಾವ ವಾಹನ, ಜೊತೆಗೆ ಎಷ್ಟು ಜನ, ಕಳೆದ 12 ತಿಂಗಳಲ್ಲಿ ಎಷ್ಟು ಸಲ, ಇವತ್ತು ಬೇರೆಲ್ಲಿಗಾದರೂ ಹೋಗುವುದಿದೆಯೇ. ‘ಪಾರ್ಕಿಗೆ 5ರಲ್ಲಿ ಎಷ್ಟು ಅಂಕ’ ಎಂದು ಕೇಳಬೇಡಿ. ಅದರಿಂದ ಬೆಲೆ ಹುಟ್ಟದು.

2. ಖರ್ಚು. ಹೋಗಿ ಬರುವ ಎರಡೂ ದಾರಿಯ ಖರ್ಚು ಸೇರಿಸಿ, ಕಾರಿನಲ್ಲಿದ್ದವರಿಗೆ ಹಂಚಿ. ಹೊತ್ತಿನ ಬೆಲೆಯೆಂದು ಗಂಟೆಯ ಸಂಪಾದನೆಯ ಮೂರನೇ ಒಂದು ಭಾಗ ಹಿಡಿಯುವುದು ವಾಡಿಕೆ. ವಾಡಿಕೆ ಅಷ್ಟೇ, ನಿಯಮವಲ್ಲ. ಹಾಗಾಗಿ ಸೊನ್ನೆ ಹಿಡಿದೂ, ಪೂರ್ತಿ ಹಿಡಿದೂ ಲೆಕ್ಕ ಹಾಕಿ, ಮೂರನ್ನೂ ವರದಿಯಲ್ಲಿ ತೋರಿಸಿ.

3. ಗೇಟಿನ ಮೋಸ. ಹೆಚ್ಚಿನವರು ಎಡವುವುದು ಇಲ್ಲೇ. 100 ಜನರಲ್ಲಿ 90 ಮಂದಿ ವರ್ಷಕ್ಕೊಮ್ಮೆ, 10 ಮಂದಿ 50 ಸಲ ಬರುತ್ತಾರೆ ಎನ್ನಿ. ಒಟ್ಟು ಭೇಟಿ 590, ತಲಾ ಸರಾಸರಿ 5.9. ಆದರೆ ಗೇಟಿನಲ್ಲಿ ನಿಂತವರ ಕೈಗೆ ಪದೇಪದೇ ಸಿಗುವುದು ಆ ಹತ್ತು ಮಂದಿಯೇ, ಸರಾಸರಿ 42.5 ಎಂದು ಬರುತ್ತದೆ! ಒಮ್ಮೆಯೂ ಬಾರದವರಂತೂ ಸಿಗುವುದೇ ಇಲ್ಲ. ಸರಾಸರಿ ತೆಗೆಯುವಾಗ ಪ್ರತಿಯೊಬ್ಬರ ತೂಕವನ್ನು ಅವರ ಭೇಟಿಗಳ ಸಂಖ್ಯೆಯಿಂದ ಭಾಗಿಸಿ. ಖರ್ಚು ಏರಿದಂತೆ ಭೇಟಿಗಳ ಎಣಿಕೆ ಹೇಗೆ ಇಳಿಯುತ್ತದೆಂದು ಅಳೆಯುವ ಪಾಯ್ಸಾನ್ ರಿಗ್ರೆಶನ್ ಮಾಡುವಾಗ ಪ್ರತಿಯೊಬ್ಬರ ಭೇಟಿಗಳಲ್ಲಿ ಒಂದನ್ನು ಕಳೆದು ಹಾಕಿದರೆ ಸಾಕು. ಭೇಟಿಗಳ ಏರಿಳಿತ ಸರಾಸರಿಗಿಂತ ತೀರಾ ಹೆಚ್ಚಿದ್ದರೆ ಮಾತ್ರ ಈ ಸುಲಭೋಪಾಯ ಕೈಕೊಡುತ್ತದೆ. ಆಗ ಸ್ಥಳದಲ್ಲೇ ಆಯ್ದ ಮಾದರಿಗೆಂದು ತಿದ್ದಿದ ನೆಗೆಟಿವ್ ಬೈನಾಮಿಯಲ್ (ಏರಿಳಿತ ಹೆಚ್ಚಿದ್ದರೂ ಹೊಂದುವ ಇಂಥದೇ ಇನ್ನೊಂದು ರಿಗ್ರೆಶನ್) ಬೇಕು. ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿರುವ ಸಾದಾ ಆವೃತ್ತಿ ಈ ತಿದ್ದುಪಡಿ ಮಾಡುವುದಿಲ್ಲ. ಎಕ್ಸೆಲ್‌ನಲ್ಲಿ ಸರಳರೇಖೆ ಎಳೆದು ಮುಗಿಸುವವರಿಗೆ ಒಂದು ಮಾತು: ಆ ರೇಖೆ ದೂರದೂರಿನವರು ಸೊನ್ನೆಗಿಂತ ಕಡಿಮೆ ಸಲ ಬರುತ್ತಾರೆ ಎಂದೂ ಹೇಳಬಲ್ಲದು.

4. ಬೆಲೆ. ಖರ್ಚು ಒಂದು ರೂಪಾಯಿ ಏರಿದರೆ ಭೇಟಿಗಳು ಎಷ್ಟು ಪಾಲು ಇಳಿಯುತ್ತವೆ ಎಂದು ಆ ರಿಗ್ರೆಶನ್ ಕೊಡುವ ಸಂಖ್ಯೆಯೇ ಖರ್ಚಿನ ಗುಣಾಂಕ. ಅದರ ಋಣಚಿಹ್ನೆ ಬಿಟ್ಟು 1ನ್ನು ಅದರಿಂದ ಭಾಗಿಸಿ. ಗುಣಾಂಕ -0.02 ಆದರೆ ಒಂದು ಭೇಟಿಗೆ 50 ರೂಪಾಯಿ. ತೆತ್ತ ಖರ್ಚು ಕಳೆದ ಮೇಲೂ ದಕ್ಕಿದ ಲಾಭವದು. ಇದನ್ನು ಗುಣಿಸಬೇಕಾದ್ದು ವರ್ಷದ ಒಟ್ಟು ಭೇಟಿಗಳಿಂದ, ಜನರ ಸಂಖ್ಯೆಯಿಂದಲ್ಲ.

ಒಂದೇ ಪ್ರಯಾಣದಲ್ಲಿ ನಾಲ್ಕಾರು ಜಾಗ ಸುತ್ತುವವರ ಇಡೀ ಖರ್ಚನ್ನು ಪಾರ್ಕಿನ ತಲೆಗೆ ಕಟ್ಟಬೇಡಿ. ಅವರನ್ನು ಬೇರೆಯೇ ಲೆಕ್ಕ ಹಾಕಿ. ಬರುವವರೆಲ್ಲ ಪಕ್ಕದ ಬೀದಿಯಿಂದ ನಡೆದೇ ಬರುವ ಪುಟ್ಟ ಪಾರ್ಕಾದರೆ ಈ ವಿಧಾನವನ್ನೇ ಬಿಡಿ. ಖರ್ಚಿನಲ್ಲಿ ಏರಿಳಿತವಿಲ್ಲದ ಕಡೆ ಗುಣಾಂಕಕ್ಕೆ ಅರ್ಥವಿಲ್ಲ. ಅಲ್ಲಿ ಸುತ್ತಲಿನ ಮನೆಗಳ ಬೆಲೆ ಹೋಲಿಸಿ ನೋಡುವುದೇ ಮೇಲು.