ಏನೂ ಕಾಣದ ಬ್ಲಾಟ್

ಮಿದುಳಿನ ಕಾಯಿಲೆ ಹರಡುವ ಪ್ರಿಯಾನ್ ಎಂಬ ಪ್ರೋಟೀನಿನ ಲ್ಯಾಬ್ ಸೇರಿದಾಗ ನನಗೆ ಮೊದಲು ಕಲಿಸಿದ್ದು ಪ್ರಯೋಗವಲ್ಲ, ತೊಳೆಯುವ ಕೆಲಸ. ಇಲ್ಲಿ ಸ್ಪಿರಿಟ್ ನಡೆಯುವುದಿಲ್ಲ, ಫಾರ್ಮಲಿನ್ನೂ ನಡೆಯುವುದಿಲ್ಲ. ಕತ್ತರಿ, ಚಿಮಟಗಳನ್ನು ಒಂದು ನಾರ್ಮಲ್ (1N) ಸಾಂದ್ರತೆಯ ಕಾಸ್ಟಿಕ್ ಸೋಡಾದಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಆಟೋಕ್ಲೇವ್ ಆದರೆ 134 ಡಿಗ್ರಿ, 18 ನಿಮಿಷ. ಸಾಯಿಸೋಣ ಅಂದರೆ ಅಲ್ಲಿ ಜೀವವೇ ಇಲ್ಲವಲ್ಲ! ಇರುವುದು ಬರೀ ಪ್ರೋಟೀನ್. ಅದೂ ನಮ್ಮೆಲ್ಲರ ಮಿದುಳಿನಲ್ಲಿ ಇರುವಂಥದ್ದೇ, ಮಡಿಕೆ ಮಾತ್ರ ತಪ್ಪಿರುತ್ತದೆ.

ನನ್ನ ಕೆಲಸ ಇಲಿಗಳ ಮೇಲೆ. ಕುರಿಗೆ ಬರುವ ಸ್ಕ್ರೇಪಿ ಕಾಯಿಲೆಯನ್ನು ಇಲಿಗೆ ಒಗ್ಗಿಸಿದ ಆರ್‌ಎಮ್‌ಎಲ್ ಎಂಬ ತಳಿ ಇದೆ. ಅದನ್ನು ಮಿದುಳಿಗೆ ಚುಚ್ಚಿದ ಮೇಲೆ ಕಾಯಿಲೆ ಕಾಣಿಸಲು ಸುಮಾರು ಐದು ತಿಂಗಳು ಬೇಕು. ಹಾಗಾಗಿ ಕೈಗೆ ಸಿಗುವ ಒಂದೊಂದು ಮಿದುಳೂ ಐದು ತಿಂಗಳ ಫಸಲು.

ಪರೀಕ್ಷೆ ಸರಳ. ಮಿದುಳನ್ನು ಅರೆದು ಪ್ರೋಟೀನೇಸ್ ಕೆ ಎಂಬ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡುತ್ತೇವೆ. ಸರಿಯಾಗಿ ಮಡಿಚಿದ ಪ್ರೋಟೀನನ್ನು ಆ ಕಿಣ್ವ ಪೂರ್ತಿ ತಿಂದು ಹಾಕುತ್ತದೆ. ಮಡಿಕೆ ತಪ್ಪಿದ್ದರ ಬಾಲ ಮಾತ್ರ ಹೋಗಿ ತಿರುಳು ಉಳಿಯುತ್ತದೆ. ಪಿಎಮ್‌ಎಸ್‌ಎಫ್ ಎಂಬ ರಾಸಾಯನಿಕ ಹಾಕಿ ಕಿಣ್ವವನ್ನು ನಿಲ್ಲಿಸಿ, ಕುದಿಸಿ, ಪ್ರೋಟೀನ್‌ಗಳು ಗಾತ್ರದ ಪ್ರಕಾರ ಬೇರೆಯಾಗುವಂತೆ ಜೆಲ್ ಓಡಿಸಿ, ಬ್ಲಾಟ್ ಮಾಡಿದರೆ ಆಯಿತು. ಬ್ಲಾಟ್ ಅಂದರೆ ಅವನ್ನು ತೆಳು ಹಾಳೆಗೆ ಇಳಿಸಿ, ಬೇಕಾದ ಪ್ರೋಟೀನನ್ನೇ ಹಿಡಿಯುವ ಆಂಟಿಬಾಡಿಯಿಂದ ಪಟ್ಟಿಯಾಗಿ ಕಾಣಿಸುವುದು.

ನನ್ನ ಮೊದಲ ಬ್ಲಾಟ್ ಖಾಲಿ. ಎರಡನೆಯದೂ ಖಾಲಿ. ಕಿಣ್ವ ಜಾಸ್ತಿಯಾಯಿತೇನೋ ಅಂದುಕೊಂಡು ಅರ್ಧಕ್ಕೆ ಇಳಿಸಿದೆ. ಪಿಎಮ್‌ಎಸ್‌ಎಫ್ ನೀರಿನಲ್ಲಿ ಬೇಗ ಕೆಡುತ್ತದೆ, ಅದನ್ನೂ ಹೊಸದಾಗಿ ಮಾಡಿಕೊಂಡೆ. ಹೀಗೇ ಒಂದು ವಾರ ಹೋಯಿತು. ಕೊನೆಗೆ ಲ್ಯಾಬಿನ ಹಳೇ ಟೆಕ್ನಿಷಿಯನ್ ಒಬ್ಬರು ಫಿಲ್ಮನ್ನು ಬೆಳಕಿಗೆ ಹಿಡಿದು, "ಕಿಣ್ವ ಹಾಕದ ಲೇನ್‌ನಲ್ಲಿ ಏನು ಬಂತು?" ಅಂದರು. ಲೇನ್ ಅಂದರೆ ಜೆಲ್‌ನಲ್ಲಿ ಒಂದು ಮಾದರಿ ಓಡುವ ಸಾಲು.

ಅದೂ ಖಾಲಿಯೇ! ಅದೇ ಲೇನ್‌ನಲ್ಲಿ ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಎಂಬ ಪ್ರೋಟೀನ್ ಮಾತ್ರ ದಪ್ಪಗೆ, ಕಪ್ಪಗೆ ಬಂದಿತ್ತು. ಅಂದ ಮೇಲೆ ಕಿಣ್ವದ ತಪ್ಪಲ್ಲ ಅಲ್ವಾ? ಒಂದು ವಾರದಿಂದ ಆ ಲೇನ್ ಕಣ್ಣೆದುರೇ ಇತ್ತು, ನಾನು ನೋಡಿರಲಿಲ್ಲ.

ತಪ್ಪು ಆಂಟಿಬಾಡಿಯದ್ದು. ಫ್ರಿಜ್‌ನಲ್ಲಿ ಸಿಕ್ಕಿದ 3ಎಫ್4 ಎಂಬ ಆಂಟಿಬಾಡಿಯನ್ನು ಸುಮ್ನೆ ಎತ್ತಿಕೊಂಡಿದ್ದೆ. ಮನುಷ್ಯರ ಮತ್ತು ಹ್ಯಾಮ್‌ಸ್ಟರ್‌ಗಳ ಪ್ರಿಯಾನ್ ಪ್ರೋಟೀನನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಅದು ಹಿಡಿದುಕೊಳ್ಳುವ ಜಾಗದಲ್ಲಿ ಇರಬೇಕಾದದ್ದು ಮೆಥಿಯೋನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಕಟ್ಟಡದ ಇಟ್ಟಿಗೆ) ಎರಡು. ಇಲಿಯಲ್ಲಿ ಅಲ್ಲಿ ಬೇರೆ ಅಮೈನೋ ಆಮ್ಲಗಳಾದ ಲ್ಯೂಸಿನ್, ವ್ಯಾಲಿನ್ ಇವೆ. ಅಷ್ಟಕ್ಕೇ ಅದಕ್ಕೆ ಇಲಿಯ ಪ್ರೋಟೀನ್ ಕಾಣುವುದೇ ಇಲ್ಲ.

ಇಲಿಯ ಪ್ರೋಟೀನನ್ನೂ ಹಿಡಿಯುವ 6ಡಿ11 ಎಂಬ ಆಂಟಿಬಾಡಿ ಹಾಕಿದ ದಿನವೇ ಮೂರು ಪಟ್ಟಿ ಬಂದವು: ಎರಡು ಸಕ್ಕರೆ ಸರಪಳಿ ಇರುವುದು, ಒಂದು ಇರುವುದು, ಒಂದೂ ಇಲ್ಲದ್ದು. ಕಿಣ್ವ ಹಾಕಿದ ಲೇನ್‌ನಲ್ಲಿ ಬಾಲ ಹೋಗಿ ಚಿಕ್ಕದಾದ್ದರಿಂದ ಮೂರೂ ಒಟ್ಟಿಗೆ ಕೆಳಗೆ ಜಾರಿದ್ದವು. ಪಕ್ಕದಲ್ಲಿ ಆರೋಗ್ಯವಾಗಿದ್ದ ಇಲಿಯದ್ದು, ಕಿಣ್ವ ಹಾಕಿದ್ದು, ಖಾಲಿ. ಅದು ಖಾಲಿಯೇ ಇರಬೇಕಿತ್ತು.

3ಎಫ್4 ಅನ್ನು ಎಸೆಯಲಿಲ್ಲ. ಮುಂದಿನ ವರ್ಷ ಇಲಿಯ ಜೀನ್‌ನಲ್ಲಿ ಆ ಎರಡು ಜಾಗಕ್ಕೂ ಮೆಥಿಯೋನಿನ್ ಬರುವಂತೆ ಬದಲಿಸಿ, ಇಲಿಯ ಜೀವಕೋಶಗಳಿಗೆ ಸೇರಿಸಿದೆ. ಕೋಶದ ಸ್ವಂತ ಪ್ರೋಟೀನ್ 3ಎಫ್4ಗೆ ಕಾಣುವುದಿಲ್ಲ, ನಾನು ಹಾಕಿದ್ದು ಮಾತ್ರ ಕಾಣುತ್ತದೆ.