ಎನ್‌ಎಫ್‌ಎಲ್ ಡ್ರಾಫ್ಟ್‌: ಯಾರು ಏರ್ತಾರೆ, ಯಾರು ಜಾರ್ತಾರೆ ಅಂತ ಊಹಿಸೋದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್; ಅಂದುಕೊಂಡಿದ್ದಕ್ಕಿಂತ ಬೇಗ ಆಯ್ಕೆಯಾದರೆ ಏರಿದಂತೆ, ತಡವಾದರೆ ಜಾರಿದಂತೆ. ಕಲಬುರಗಿಯಲ್ಲಿ ಕೂತು ಮೊದಲ ಸುತ್ತು ನೋಡಬೇಕೆಂದರೆ ಶುಕ್ರವಾರ ಬೆಳಗಿನ ಜಾವ ಏಳಬೇಕು, ಹಾಗಾಗಿ ಲೆಕ್ಕಾಚಾರ ಗುರುವಾರವೇ ಮುಗಿಸಿ. ಮೊದಲು ಯಾವ ತಂಡಗಳಿಗೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಬೇಕು ಅಂತ ಗುರುತು ಮಾಡಿಕೊಳ್ಳಿ. ಆ ಜಾಗಕ್ಕೆ ಬೇಡಿಕೆ ಜಾಸ್ತಿ, ಅದಕ್ಕೇ ಕ್ವಾರ್ಟರ್‌ಬ್ಯಾಕ್‌ಗಳು ಬೇಗ ಮೇಲೇರುತ್ತಾರೆ, ಆದರೆ ಬೇಕಿದ್ದ ತಂಡಗಳು ಮುಗಿದುಹೋದರೆ ದೂರ ಜಾರುವವರೂ ಅವರೇ. 2005ರಲ್ಲಿ ಮೊದಲ ಆಯ್ಕೆ ಆಗಬಹುದು ಎಂದಿದ್ದ ಆರನ್ ರಾಡ್ಜರ್ಸ್ 24ಕ್ಕೆ ಇಳಿದರು. 2025ರಲ್ಲಿ ಶೆಡ್ಯೂರ್ ಸ್ಯಾಂಡರ್ಸ್ ಐದನೇ ಸುತ್ತಿನವರೆಗೆ ಕಾದರು, 144ನೇ ಆಯ್ಕೆ!

ಇನ್ನು ಗಾಯ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಆಟಗಾರರನ್ನು ಪರೀಕ್ಷಿಸುವ ಶಿಬಿರ ಕಂಬೈನ್‌ನಲ್ಲಿ ತಂಡದ ವೈದ್ಯರು ಮೊಣಕಾಲು, ಭುಜ ಎಲ್ಲ ಪರೀಕ್ಷಿಸುತ್ತಾರೆ, ನಮಗೆ ಆ ವರದಿ ಸಿಗುವುದಿಲ್ಲ. ಒಳ್ಳೆಯ ಆಟಗಾರ ಕಾರಣವಿಲ್ಲದೆ ಜಾರುತ್ತಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ. ಕಂಬೈನ್‌ನ 40 ಗಜದ ಓಟದ ವೇಗಕ್ಕೆ ಸುಮ್ನೆ ಮರುಳಾಗಬೇಡಿ, ಪಂದ್ಯದ ವಿಡಿಯೋ ನೋಡಿ.